ಪಾಠದ ತಿರುಪು, ಗ್ಯಾರೇಜಿನ ಬೋಲ್ಟು

ಸರಳ ಯಂತ್ರಗಳ ಪಾಠದಲ್ಲಿ ತಿರುಪಿಗೆ ಸಿಗುವ ಜಾಗ ಬಹಳ ಕಡಿಮೆ. ‘ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು’ ಎಂಬ ವಾಕ್ಯ, ತ್ರಿಕೋನಾಕಾರದ ಕಾಗದವನ್ನು ಪೆನ್ಸಿಲಿಗೆ ಸುತ್ತಿದ ಚಿತ್ರ, ಯಾಂತ್ರಿಕ ಲಾಭದ ಒಂದು ಸೂತ್ರ. ಅಲ್ಲಿಗೆ ಮುಗಿಯಿತು. ಇದ್ಯಾವುದೂ ತಪ್ಪಲ್ಲ. ಆದರೆ ಮೋಟಾರ್‌ಸೈಕಲ್ಲಿನ ಎಂಜಿನ್ ಮುಚ್ಚಳದ ಬೋಲ್ಟು ಬಿಗಿಮಾಡುವಾಗ ಎಳೆ ಕಿತ್ತುಬಂದರೆ, ಅದು ಏಕೆ ಕಿತ್ತಿತು, ಮುಂದೇನು ಮಾಡಬೇಕು ಎಂಬುದಕ್ಕೆ ಈ ಪಾಠದಲ್ಲಿ ಉತ್ತರವಿಲ್ಲ.

ಮೊದಲು ಸೂತ್ರವನ್ನೇ ನೋಡೋಣ. ಇಂಥ ಮುಚ್ಚಳಗಳಲ್ಲಿ ಸಾಮಾನ್ಯವಾಗಿರುವುದು 6 ಮಿಮೀ ವ್ಯಾಸದ, 1 ಮಿಮೀ ಪಿಚ್‌ನ ಬೋಲ್ಟು. 100 ಮಿಮೀ ಉದ್ದದ ಸ್ಪ್ಯಾನರಿನ ತುದಿಯಲ್ಲಿ 100 ನ್ಯೂಟನ್, ಎಂದರೆ ಸುಮಾರು 10 ಕಿಲೋಗ್ರಾಂ ತೂಕದಷ್ಟು ಬಲ ಹಾಕಿದಿರೆನ್ನಿ. ಒಂದು ಸುತ್ತಿಗೆ ಕೈ 628 ಮಿಮೀ ಚಲಿಸುತ್ತದೆ, ಬೋಲ್ಟು 1 ಮಿಮೀ ಮುಂದೆ ಹೋಗುತ್ತದೆ. ಸೂತ್ರದ ಪ್ರಕಾರ ಬಿಗಿತ 62,800 ನ್ಯೂಟನ್, ಆರು ಟನ್ನಿಗೂ ಮಿಕ್ಕಿದ ಭಾರ! ವರ್ಕ್‌ಶಾಪುಗಳಲ್ಲಿ ಬಳಸುವ ಅಂದಾಜು ಬೇರೆ: ತಿರುಚುಬಲವನ್ನು ವ್ಯಾಸದ 0.2 ಪಟ್ಟಿನಿಂದ ಭಾಗಿಸಬೇಕು. ಉತ್ತರ ಸುಮಾರು 8,300 ನ್ಯೂಟನ್. ಉಳಿದ ಏಳೆಂಟನೆಯ ಪಾಲು ಬೋಲ್ಟಿನ ತಲೆಯ ಕೆಳಗೆ ಮತ್ತು ಎಳೆಗಳ ನಡುವೆ ಘರ್ಷಣೆಗೆ ಸಂದಾಯ.

ಘರ್ಷಣೆಯನ್ನು ‘ಉಪೇಕ್ಷಿಸಬಹುದಾದದ್ದು’ ಎಂದು ಬದಿಗೆ ತಳ್ಳುವುದು ಇಲ್ಲಿ ಸಲ್ಲದು. ಎಂಟರಲ್ಲಿ ಏಳು ಪಾಲನ್ನು ಉಪೇಕ್ಷಿಸಿದರೆ ಉಳಿಯುವುದೇನು? ಎಣ್ಣೆ ಬಿದ್ದ ಎಳೆಗಳಲ್ಲಿ ಆ 0.2 ಎಂಬುದು 0.15ಕ್ಕೆ ಇಳಿಯಬಹುದು. ಆಗ ಅದೇ ಕೈ, ಅದೇ ಸ್ಪ್ಯಾನರ್, ಬಿಗಿತ ಮಾತ್ರ ಮೂರನೆಯ ಒಂದರಷ್ಟು ಜಾಸ್ತಿ. ಉಕ್ಕಿನ ಬೋಲ್ಟು ತಾಳಿಕೊಂಡೀತು, ಮೆದುವಾದ ಅಲ್ಯೂಮಿನಿಯಂ ತಾಳದು.

ಸೂತ್ರದಿಂದ ಮಕ್ಕಳು ತೆಗೆಯುವ ಇನ್ನೊಂದು ತೀರ್ಮಾನ, ಪಿಚ್ ಚಿಕ್ಕದಾದಷ್ಟೂ ಒಳ್ಳೆಯದು ಎಂಬುದು. ಎಳೆಗಳು ಒಂದನ್ನೊಂದು ಹಿಡಿಯುವ ಆಳ ಮೆಟ್ರಿಕ್ ಬೋಲ್ಟುಗಳಲ್ಲಿ ಪಿಚ್‌ನ ಸುಮಾರು 0.54 ಪಟ್ಟು. 10 ಮಿಮೀ ಬೋಲ್ಟಿನ ಪಿಚ್ 1.5 ಇದ್ದರೆ ಆಳ 0.81 ಮಿಮೀ, 1.25 ಇದ್ದರೆ 0.68 ಮಿಮೀ. ಸವೆತ ಎರಡಕ್ಕೂ ಒಂದೇ ಆದರೂ ಸಣ್ಣ ಎಳೆಗೆ ಆಗುವ ನಷ್ಟ ದೊಡ್ಡದು. ಹಳೆಯ ಬ್ರಿಟಿಷ್ ಎಂಜಿನುಗಳ ಎಷ್ಟೋ ಸ್ಟಡ್‌ಗಳಲ್ಲಿ ಅಲ್ಯೂಮಿನಿಯಂ ಒಳಗಿನ ತುದಿಗೆ ದಪ್ಪ ಎಳೆ, ನಟ್ಟಿನ ತುದಿಗೆ ಸಣ್ಣ ಎಳೆ ಇರುವುದು ಇದಕ್ಕೇ.

ಪ್ರಯೋಗಾಲಯದಲ್ಲಿ ತಿರುಪುಮಾಪಕದ ಪಿಚ್ ಬರೆದುಕೊಂಡ ವಿದ್ಯಾರ್ಥಿಗೆ ಬೋಲ್ಟಿನ ಪಿಚ್ ಅಳೆಯಲು ಯಾರೂ ಹೇಳುವುದಿಲ್ಲ. ಉಕ್ಕಿನ ಅಳತೆಪಟ್ಟಿ ಸಾಕು. ಹತ್ತು ಅಂತರ 15 ಮಿಮೀ ಆದರೆ ಪಿಚ್ 1.5, 12.5 ಆದರೆ 1.25. ಎಣಿಸಬೇಕಾದದ್ದು ಹತ್ತು ಅಂತರ, ಎಂದರೆ ಹನ್ನೊಂದು ಏಣು. (ಲೋಲಕದ ಆಂದೋಲನವನ್ನು ಸೊನ್ನೆಯ ಬದಲು ಒಂದರಿಂದ ಎಣಿಸತೊಡಗುವ ಎಡವಟ್ಟು ಇಲ್ಲಿಯೂ ಉಂಟು.)

ಈ ಅಳತೆಯಿಲ್ಲದೆ ‘ಹತ್ತರ ಬೋಲ್ಟು’ ಎಂದು ಕೇಳಿ ತಂದರೆ 1.25ರ ತೂತಿಗೆ 1.5ರದ್ದು ಬರಬಹುದು. ಅದು ಒಂದೆರಡು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಸುತ್ತಿಗೆ ಕಾಲು ಮಿಮೀನಂತೆ ವ್ಯತ್ಯಾಸ ಬೆಳೆದು ಸಿಕ್ಕಿಕೊಳ್ಳುತ್ತದೆ. ಸ್ಪ್ಯಾನರ್ ಹಾಕಿ ಒತ್ತಾಯಿಸಿದರೆ ಉಕ್ಕು ಅಲ್ಯೂಮಿನಿಯಮನ್ನು ಕೊರೆಯುತ್ತದೆ. ಇದಕ್ಕಿಂತ ಮೋಸದ್ದು ಹಳೆಯ ಬುಲೆಟ್‌ನಂಥ ಅಂಗುಲದ ಎಳೆಗಳ ಎಂಜಿನ್. ಕಾಲು ಅಂಗುಲದ, ಅಂಗುಲಕ್ಕೆ 26 ಎಳೆಯ ತೂತಿನ ಪಿಚ್ 0.977 ಮಿಮೀ, 6 ಮಿಮೀ ಬೋಲ್ಟಿನ 1 ಮಿಮೀಗೆ ತೀರಾ ಹತ್ತಿರ. ಬೋಲ್ಟು ಸರಾಗವಾಗಿ ಒಳಹೋಗುತ್ತದೆ, ಆದರೆ ವ್ಯಾಸ 0.35 ಮಿಮೀ ಕಡಿಮೆಯಾದ್ದರಿಂದ ಎಳೆಯ ತುದಿಯನ್ನಷ್ಟೇ ಹಿಡಿದಿರುತ್ತದೆ. ಸಲೀಸಾಗಿ ಹೋಯಿತೆಂದು ಸಮಾಧಾನಪಟ್ಟವರಿಗೆ ಬಿಗಿಮಾಡುವಾಗ ನಿಜ ತಿಳಿಯುತ್ತದೆ.

ರಿಪೇರಿಗೆ ದಾರಿ ಎರಡು. 6.8 ಮಿಮೀ ಡ್ರಿಲ್ ಹಾಕಿ 8 ಮಿಮೀ, 1.25 ಪಿಚ್‌ನ ಹೊಸ ಎಳೆ ಕೊರೆಯುವುದು ಒಂದು. ತೂತಿನ ಸುತ್ತಲ ಗೋಡೆ ದಪ್ಪವಿದ್ದರೆ ಮಾತ್ರ ಇದು ಸರಿ, ಮುಚ್ಚಳದ ತೂತನ್ನೂ ದೊಡ್ಡದು ಮಾಡಬೇಕು. ಇನ್ನೊಂದು, ವಜ್ರಾಕೃತಿಯ ಅಡ್ಡಕೊಯ್ತವಿರುವ ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸುವುದು. 6 ಮಿಮೀ ಬೋಲ್ಟಿಗಾದರೆ ಸುಮಾರು 6.3 ಮಿಮೀ ಡ್ರಿಲ್ ಹಾಕಿ, ಸುರುಳಿಯ ಜೊತೆ ಬರುವ ವಿಶೇಷ ಟ್ಯಾಪಿನಿಂದ ಕೊರೆಯಬೇಕು. ಅದರ ವ್ಯಾಸ ಹಿಗ್ಗಿರುತ್ತದೆ, ಪಿಚ್ ಮಾತ್ರ ಮೊದಲಿನ 1 ಮಿಮೀ. ಸುರುಳಿಯ ಹೊರಮೈ ತೂತಿಗೂ ಒಳಮೈ ಬೋಲ್ಟಿಗೂ ಒಂದೇ ಪಿಚ್‌ನಲ್ಲಿ ಹೊಂದುವುದರಿಂದ ಹಳೆಯ ಬೋಲ್ಟನ್ನೇ ಮತ್ತೆ ಹಾಕಬಹುದು.