ಒತ್ತಡದ ನಿಯಾಮಕ: ಕೊಳ್ಳತಕ್ಕದ್ದೆಷ್ಟು, ಕಟ್ಟತಕ್ಕದ್ದೆಷ್ಟು

ತಮ್ಮ ಕಾರಿಗೆ ಟರ್ಬೊ ಕೂಡಿಸಿದವರೂ, ಇಂಜೆಕ್ಟರುಗಳನ್ನು ತೆಗೆದು ದೊಡ್ಡವನ್ನು ಹಾಕಿಸಿದವರೂ, ಸ್ಪರ್ಧೆಯ ಪಥಕ್ಕೆಂದು ಎಂಜಿನನ್ನು ಸಜ್ಜುಗೊಳಿಸುತ್ತಿರುವವರೂ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆಯೊಂದುಂಟು: ಪೆಟ್ರೋಲಿನ ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು ಅದರ ಹೋಸು, ಫಿಟ್ಟಿಂಗು, ಗೇಜು, ಬ್ರಾಕೆಟ್ಟುಗಳ ಸಮೇತ ಒಂದೇ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಕಿಟ್ಟಾಗಿ ಕೊಳ್ಳುವುದೋ, ಬಿಡಿಬಿಡಿಯಾಗಿ ಆರಿಸಿ ತಂದು ನಾವೇ ಜೋಡಿಸಿಕೊಳ್ಳುವುದೋ? ಬಹುಜನರು ಇದನ್ನು ಹಣದ ಲೆಕ್ಕದಿಂದ ಬಿಡಿಸಹೊರಡುತ್ತಾರೆ. ನನ್ನ ಮತದಲ್ಲಿ ಹಣವು ಇಲ್ಲಿ ಗೌಣ. ಮುಖ್ಯವಾದದ್ದು ಈ ಸಾಧನದ ಯಾವ ಅಂಗವು ಯಾವ ಕಾರ್ಯಕ್ಕೆ ಹೊಣೆಯಾಗಿದೆ ಎಂಬ ವಿವೇಚನೆ. ಆ ವಿವೇಚನೆಯಿದ್ದಲ್ಲಿ ಕೊಳ್ಳತಕ್ಕದ್ದು ಯಾವುದು, ಕಟ್ಟತಕ್ಕದ್ದು ಯಾವುದು ಎಂಬುದು ತಾನಾಗಿಯೇ ವಿಂಗಡವಾಗುತ್ತದೆ.

ಕೆರೆಯ ಏರಿಯಲ್ಲಿ ತೂಬು ಬೇರೆ, ಕೋಡಿ ಬೇರೆ. ತೂಬು ಬೇಕಾದಷ್ಟನ್ನೇ ಹೊರಕ್ಕೆ ಬಿಡುತ್ತದೆ. ಕೋಡಿಯಾದರೋ ಹೆಚ್ಚಾದುದನ್ನು ಹರಿಯಗೊಟ್ಟು ಕೆರೆಯ ಮಟ್ಟವನ್ನು ಕಾಯುತ್ತದೆ. ಕಾರ್ಬ್ಯುರೇಟರಿನ ಕಾರುಗಳಿಗೆ ಹಾಕುವ ರೆಗ್ಯುಲೇಟರು ತೂಬಿನ ಜಾತಿಯದು. ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ನಿಂತು ಒತ್ತಡವನ್ನು ತಗ್ಗಿಸುತ್ತದೆ. ಇಂಜೆಕ್ಷನ್ ಎಂಜಿನ್ನಿನಲ್ಲಿ ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಫ್ಯುಯೆಲ್ ರೈಲಿನ ಕೊನೆಯಲ್ಲಿ ಕುಳಿತಿರುವುದು ಕೋಡಿಯ ಜಾತಿಯದು: ಪಂಪು ಎಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಸದಾಕಾಲವೂ ನೂಕುತ್ತಿರಲಾಗಿ, ಹೆಚ್ಚಿನದನ್ನು ಟ್ಯಾಂಕಿಗೆ ಮರಳಿಸುವುದು ಇದರ ಕೆಲಸ. ಒಳಗೆ ಒಂದು ಡಯಾಫ್ರಂ, ಅದರ ಮೇಲೆ ಸ್ಪ್ರಿಂಗು, ಕೆಳಗೆ ಪೆಟ್ರೋಲು. ಪೆಟ್ರೋಲಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿತೆಂದರೆ ಡಯಾಫ್ರಂ ಮೇಲೆದ್ದು ಹಿಂದಿರುಗುವ ದಾರಿಯನ್ನು ತೆರೆಯುತ್ತದೆ. ಸ್ಪ್ರಿಂಗಿರುವ ಕೋಣೆಗೆ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಹೋಸು ಬರುತ್ತದೆ. ಮ್ಯಾನಿಫೋಲ್ಡಿನಲ್ಲಿ ನಿರ್ವಾತವಿದ್ದಾಗ ರೈಲಿನ ಒತ್ತಡವು ಅಷ್ಟೇ ಇಳಿದು, ಟರ್ಬೊ ಊದಿದಾಗ ಅಷ್ಟೇ ಏರಿ, ಇಂಜೆಕ್ಟರಿನ ಎರಡು ತುದಿಗಳ ನಡುವಣ ಅಂತರವು ಸ್ಥಿರವಾಗಿರುವುದು ಆ ಹೋಸಿನ ದೆಸೆಯಿಂದ. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನೊಡನೆ ಬಂದ ಬಾಷ್ ಸಂಸ್ಥೆಯ ಡಿ-ಜೆಟ್ರಾನಿಕ್ ವ್ಯವಸ್ಥೆಯ ರೆಗ್ಯುಲೇಟರಿಗೆ ಈ ಹೋಸು ಇರಲಿಲ್ಲ, ಏಕೆಂದರೆ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದು ಲೆಕ್ಕ ಹಾಕುವ ಹೊಣೆಯನ್ನು ಅಲ್ಲಿ ವಿದ್ಯುತ್ ಯಂತ್ರವೇ ಹೊತ್ತಿತ್ತು. 1970ರ ದಶಕದಲ್ಲಿ ಎಲ್-ಜೆಟ್ರಾನಿಕ್ ಬಂದಾಗ ಹೋಸೂ ಬಂದಿತು.

ಇಂಜೆಕ್ಟರಿನ ರಂಧ್ರದಿಂದ ಹೊರಡುವ ಪೆಟ್ರೋಲಿನ ಪ್ರಮಾಣವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಇಟಲಿಯ ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ಆಳುವುದು. ಒತ್ತಡವನ್ನು 3 ಬಾರಿನಿಂದ 4 ಬಾರಿಗೆ, ಎಂದರೆ ಮೂರರಲ್ಲೊಂದು ಪಾಲಿನಷ್ಟು ಏರಿಸಿದರೂ ಹರಿವು ಏರುವುದು ಶೇಕಡ 15ರಷ್ಟು ಮಾತ್ರ. ಅದೂ ಒತ್ತಡ ಹೆಚ್ಚಿದಂತೆಲ್ಲ ಪಂಪಿನ ಶಕ್ತಿ ಕುಂದುತ್ತದೆಂಬುದನ್ನು ಎಣಿಕೆಗೆ ತಂದುಕೊಳ್ಳುವ ಮೊದಲು. ಆದುದರಿಂದ ಸ್ಪ್ರಿಂಗನ್ನು ಬಿಗಿಗೊಳಿಸುವ ತಿರುಪು ತಿರುಗಿಸಿ ಶಕ್ತಿಯನ್ನು ಹೆಚ್ಚಿಸಿಬಿಡುವೆನೆಂಬ ಆಸೆಯಿಂದ ಈ ಸಾಧನವನ್ನು ಕೊಳ್ಳುವುದಾಗಲಿ ಕಟ್ಟುವುದಾಗಲಿ ಯುಕ್ತವಲ್ಲ. ರೆಗ್ಯುಲೇಟರಿನಿಂದ ನಾವು ಅಪೇಕ್ಷಿಸತಕ್ಕದ್ದು ಅಚಂಚಲತೆಯೊಂದನ್ನೇ.

ಅಚಂಚಲತೆ ಹುಟ್ಟುವುದು ಡಯಾಫ್ರಂ ಮತ್ತು ಕವಾಟ ಕೂರುವ ಪೀಠ ಇವೆರಡರಿಂದ. ಬೆಂಗಳೂರಿನ ಪೀಣ್ಯದ ಲೇತುಗಳ ಮುಂದೆ ನಿಂತು ಕೂದಲೆಳೆಯಷ್ಟು ನಿಖರವಾಗಿ ಅಲ್ಯುಮಿನಿಯಂ ಕಡೆಯಬಲ್ಲ ಕುಶಲಿಗಳು ನಮ್ಮಲ್ಲಿ ಧಾರಾಳವಾಗಿದ್ದಾರೆ, ಅವರ ಕೈಗೆ ನಾನು ನಮಸ್ಕರಿಸುತ್ತೇನೆ. ಆದರೆ ನೂಲಿನ ನೇಯ್ಗೆಯ ಮೇಲೆ ರಬ್ಬರನ್ನು ಎರಕವಾಗಿಸಿದ ಡಯಾಫ್ರಂ ಲೇತಿನಿಂದ ಹುಟ್ಟುವ ವಸ್ತುವಲ್ಲ. ವರ್ಷಗಟ್ಟಲೆ ಬಿಸಿ ಪೆಟ್ರೋಲಿನಲ್ಲಿ ನೆನೆಯುತ್ತ, ಕ್ಷಣಕ್ಷಣಕ್ಕೂ ಬಳುಕುತ್ತ, ಏರುವಾಗಲೂ ಇಳಿಯುವಾಗಲೂ ಒಂದೇ ಅಂಕೆಯಲ್ಲಿ ತೆರೆಯುವಂತೆ ಅದನ್ನೂ ಅದರ ಪೀಠವನ್ನೂ ಹೊಂದಿಸುವುದು ಪರೀಕ್ಷಾಲಯವುಳ್ಳ ಕಾರ್ಖಾನೆಯ ಕೆಲಸ. ಆದ್ದರಿಂದ ರೆಗ್ಯುಲೇಟರನ್ನು ಕೊಳ್ಳಲೇಬೇಕು. ಬಾಷ್, ಏರೋಮೋಟಿವ್, ಟರ್ಬೋಸ್ಮಾರ್ಟ್ ಮೊದಲಾದ ತಯಾರಕರ ಅಸಲು ಮಾಲನ್ನು ಅಧಿಕೃತ ಮಾರಾಟಗಾರರಿಂದಲೇ ತರಬೇಕು. ಇವುಗಳ ರೂಪವನ್ನು ಬಣ್ಣಸಮೇತ ಅನುಕರಿಸಿದ ನಕಲುಗಳು ಪೇಟೆಯಲ್ಲಿ ಹೇರಳವಾಗಿವೆ, ಮತ್ತು ಅಗ್ಗದ ಕಿಟ್ಟುಗಳ ಪೆಟ್ಟಿಗೆಯೊಳಗೆ ಇರುವುದು ಹೆಚ್ಚಾಗಿ ಅವೇ.

ಇನ್ನುಳಿದುದನ್ನೆಲ್ಲ ಸ್ವಹಸ್ತದಿಂದ ಕಟ್ಟಬೇಕೆಂಬುದು ನನ್ನ ಪಕ್ಷ. ಸಿದ್ಧ ಕಿಟ್ಟನ್ನು ರೂಪಿಸಿದವನ ಮನಸ್ಸಿನಲ್ಲಿದ್ದುದು ಯಾವುದೋ ಒಂದು ಕಾರು. ನಮ್ಮ ಎಂಜಿನ್ ಕೋಣೆಯಲ್ಲಿ ಎಕ್ಸಾಸ್ಟಿನ ಕಾವು ಎಲ್ಲಿ ಬಡಿಯುತ್ತದೆ, ಹೋಸು ಎಲ್ಲಿ ಬಾಗಬೇಕು, ಎಲ್ಲಿ ಉಜ್ಜುತ್ತದೆ ಎಂಬುದನ್ನು ಅವನು ಕಂಡವನಲ್ಲ. ಅದಕ್ಕಿಂತಲೂ ಗಂಭೀರವಾದ ಕೊರತೆಯೆಂದರೆ ಕಿಟ್ಟಿನೊಡನೆ ಬರುವ ಹೋಸಿನ ಕುಲಗೋತ್ರಗಳು ನಮಗೆ ತಿಳಿಯದೆ ಹೋಗುವುದು. ಪೆಟ್ರೋಲಿನ ಹೋಸೆಂದು ಮಾರುವುದೆಲ್ಲವೂ ಒಂದೇ ಅಲ್ಲ. ಮೈಮೇಲೆ ಎಸ್‌ಎಇ ಜೆ30 ಆರ್7 ಎಂದು ಅಚ್ಚಾಗಿರುವುದು ಕಾರ್ಬ್ಯುರೇಟರ್ ಕಾಲದ ತಗ್ಗಿನ ಒತ್ತಡಕ್ಕೆ ತಕ್ಕುದು. ಇಂಜೆಕ್ಷನ್ನಿಗೆ ಬೇಕಾದುದು ಆರ್9, ಅದರ ಒಳಪದರವು ಫ್ಲೋರಿನ್ ಬೆರೆತ, ಎಂದರೆ ವಿಟಾನ್ ಜಾತಿಯ, ರಬ್ಬರಿನದು. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರುವ ತುಂಡಿಗಾದರೆ ಆರ್9 ಸಹ ಸಲ್ಲದು, ಏಕೆಂದರೆ ಅದರ ಹೊರಮೈ ಪೆಟ್ರೋಲನ್ನು ತಾಳಲೆಂದು ಮಾಡಿದ್ದಲ್ಲ. ಅಲ್ಲಿಗೆ ಆರ್10 ಎಂಬುದೇ ಬೇರೆ ಉಂಟು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹೋಸನ್ನು ಅಳತೆಗೆ ಕೊಯ್ಯಿಸಿಕೊಳ್ಳುವಾಗ ಈ ಅಕ್ಷರಗಳು ಕೊಯ್ದ ತುಂಡಿನ ಮೇಲೆ ಕಾಣುವಂತೆ ನೋಡಿಕೊಳ್ಳುವುದು ಒಳ್ಳೆಯದು.

ಈ ಎಚ್ಚರ ಈಗ ಹಿಂದೆಂದಿಗಿಂತ ಹೆಚ್ಚು ಬೇಕಾಗಿದೆ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದರು. ಇಂದು ಬಂಕುಗಳಲ್ಲಿ ಬಹುಮಟ್ಟಿಗೆ ದೊರೆಯುವುದು ಅದೇ. ಎಥನಾಲ್ ನೀರನ್ನು ಸೆಳೆದುಕೊಳ್ಳುವ ದ್ರವ. ಹಳೆಯ ಬಗೆಯ ನೈಟ್ರೈಲ್ ರಬ್ಬರು ಅದರ ಸಹವಾಸದಲ್ಲಿ ಕ್ರಮೇಣ ಉಬ್ಬಿ ಬಿರುಸಾಗುತ್ತದೆ. ಹೋಸಿನ ಒಳಪದರವೂ ಫಿಟ್ಟಿಂಗುಗಳ ಓ-ರಿಂಗುಗಳೂ ವಿಟಾನ್ ಜಾತಿಯವೇ ಆಗಿರತಕ್ಕದ್ದು. ಇನ್ನೂ ಶ್ರೇಷ್ಠವಾದುದು ಟೆಫ್ಲಾನ್ ಒಳಪದರದ, ಉಕ್ಕಿನ ಹೆಣಿಗೆಯ ಹೋಸು. ಆದರೆ ಆ ಟೆಫ್ಲಾನಿನಲ್ಲಿ ಇಂಗಾಲ ಬೆರೆತು ಅದು ವಿದ್ಯುದ್ವಾಹಕವಾಗಿರಬೇಕು, ಇಲ್ಲವಾದರೆ ಹರಿಯುವ ಪೆಟ್ರೋಲಿನಿಂದ ಹುಟ್ಟುವ ಸ್ಥಾಯೀವಿದ್ಯುತ್ತು ಪದರದಲ್ಲಿ ಸೂಜಿಮೊನೆಯ ರಂಧ್ರಗಳನ್ನು ಕೊರೆದುಬಿಡುತ್ತದೆ. ಯಾವ ಕಿಟ್ಟಿನ ಪೆಟ್ಟಿಗೆಯ ಮೇಲೆ ಇಷ್ಟನ್ನೆಲ್ಲ ಬರೆದಿರುತ್ತಾರೆ?

ಫಿಟ್ಟಿಂಗುಗಳ ವಿಷಯದಲ್ಲಿ ಎರಡು ಮಾತು. ಅಮೆರಿಕದ ಭೂಸೇನೆ ನೌಕಾಸೇನೆಗಳ ಮಾನದಂಡದಿಂದ ಬಂದ ಎಎನ್ ಫಿಟ್ಟಿಂಗಿನ ಮೂತಿ 37 ಡಿಗ್ರಿಯದು. ಸಾಮಾನ್ಯ ಹಿತ್ತಾಳೆ ಫಿಟ್ಟಿಂಗಿನ ಮೂತಿ 45 ಡಿಗ್ರಿಯದು. ಎರಡನ್ನೂ ಒಂದಕ್ಕೊಂದು ಬಿಗಿದರೆ ಹಿಡಿದಂತೆ ಕಂಡು ಸೋರುತ್ತದೆ. ಎಎನ್ ಫಿಟ್ಟಿಂಗು ಲೋಹಕ್ಕೆ ಲೋಹ ಕೂತು ತಡೆಯುವಂಥದಾದುದರಿಂದ ಅದರ ಮರೆಗೆ (ಥ್ರೆಡ್ಡಿಗೆ) ಟೆಫ್ಲಾನ್ ಪಟ್ಟಿ ಸುತ್ತುವುದು ನಿರರ್ಥಕ ಮಾತ್ರವಲ್ಲ, ಅಪಾಯಕರ: ಹರಿದ ಎಳೆಗಳು ತೇಲಿಹೋಗಿ ಇಂಜೆಕ್ಟರಿನ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಗೇಜಿನ ಮೊನಚು ಮರೆಗೆ ಮಾತ್ರ ಪೆಟ್ರೋಲು ತಾಳುವ ದ್ರವರೂಪದ ಸೀಲೆಂಟು ಹಚ್ಚಬೇಕು. ಗ್ಲಿಸರಿನ್ ತುಂಬಿದ ಗೇಜು ಎಂಜಿನ್ ಕೋಣೆಯಲ್ಲಿ ಕಾದಾಗ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆಯಾದ್ದರಿಂದ ಅಳತೆಯನ್ನು ತಣ್ಣಗಿರುವಾಗ ನೋಡುವುದು ಲೇಸು. ಬ್ರಾಕೆಟ್ಟನ್ನು ಯಾವ ಫ್ಯಾಬ್ರಿಕೇಷನ್ ಅಂಗಡಿಯಲ್ಲಾದರೂ ಮಾಡಿಸಬಹುದು.

ಏನನ್ನೂ ಕಟ್ಟದೆ ಇರುವುದೇ ವಿವೇಕವಾಗಿರುವ ಸಂದರ್ಭವೂ ಉಂಟು. ಫೋಕ್ಸ್‌ವ್ಯಾಗನ್ ಮನೆತನದ ಇಪ್ಪತ್ತು ಕವಾಟಗಳ 1.8 ಟರ್ಬೊ ಎಂಜಿನ್ನುಗಳ ಪೈಕಿ ರೈಲಿನ ತುದಿಯಲ್ಲಿ ಕ್ಲಿಪ್ಪಿನಿಂದ ಕೂರುವ 3 ಬಾರಿನ ಬಾಷ್ ರೆಗ್ಯುಲೇಟರುಳ್ಳವಕ್ಕೆ ಅದೇ ಆಕಾರದ 4 ಬಾರಿನದು ಸಿಗುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿ, ಕಂಪ್ಯೂಟರಿನ ಲೆಕ್ಕವನ್ನು ಅದಕ್ಕೆ ತಕ್ಕಂತೆ ತಿದ್ದಿಸಿದರೆ ಮುಗಿಯಿತು. ರೆಗ್ಯುಲೇಟರು ಟ್ಯಾಂಕಿನೊಳಗೇ ಇದ್ದು, ಮರಳುವ ಕೊಳವೆಯೇ ಇಲ್ಲದ ಇತ್ತೀಚಿನ ಕಾರುಗಳಲ್ಲಿಯೂ, ಟ್ಯಾಂಕಿನವರೆಗೆ ಹೊಸ ಕೊಳವೆ ಎಳೆಯುವಷ್ಟು ಪ್ರಬಲವಾದ ಕಾರಣವಿಲ್ಲದಿದ್ದಲ್ಲಿ ಈ ಸಾಹಸಕ್ಕೆ ಕೈಹಾಕಬಾರದು. ಎಳೆಯುವುದಾದರೆ ಮರಳುವ ಕೊಳವೆಯನ್ನು ಧಾರಾಳ ಗಾತ್ರದ್ದಾಗಿ ಇಡಬೇಕು. ಅದು ಇಕ್ಕಟ್ಟಾದರೆ ದೊಡ್ಡ ಪಂಪಿನ ಪೆಟ್ರೋಲು ಅಲ್ಲಿಯೇ ತಡೆದು, ತಿರುಪನ್ನು ಎಷ್ಟು ಸಡಿಲಿಸಿದರೂ ಒತ್ತಡ ಇಳಿಯದು.

ಜೋಡಣೆ ಮುಗಿದ ಮೇಲೆ ಎಂಜಿನನ್ನು ಚಾಲೂ ಮಾಡುವ ಮುನ್ನ ಪಂಪನ್ನಷ್ಟೇ ಓಡಿಸಿ, ಒಣಗಿದ ಕಾಗದದಿಂದ ಪ್ರತಿಯೊಂದು ಸಂದನ್ನೂ ಒರೆಸಿ ನೋಡಬೇಕು. ಬಳಿಯಲ್ಲಿ ಬೆಂಕಿ ಆರಿಸುವ ಸಾಧನವಿರಲಿ. ಅನಂತರ ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಮ್ಯಾನಿಫೋಲ್ಡಿನ ಸಣ್ಣ ಹೋಸನ್ನು ಕಳಚಿ, ಅದರ ಬಾಯಿ ಮುಚ್ಚಿ, ಗೇಜಿನ ಮುಳ್ಳು 3 ಬಾರಿಗೆ ಬರುವಂತೆ ತಿರುಪನ್ನು ತಿರುಗಿಸಿ, ಲಾಕ್ ನಟ್ಟನ್ನು ಬಿಗಿಯಬೇಕು; ಹೋಸನ್ನು ಮತ್ತೆ ಸಿಕ್ಕಿಸಿದಾಗ ಮುಳ್ಳು ಅರ್ಧ ಬಾರಿನಷ್ಟು ಕೆಳಗಿಳಿಯುವುದು ಸಹಜ. ಸರ್ವಿಸಿನ ಕಾಲದಲ್ಲಿ ಇದೇ ಹೋಸನ್ನು ಕಳಚಿ ಒಳಗೆ ಪೆಟ್ರೋಲಿನ ಪಸೆಯಿದೆಯೇ ಎಂದು ನೋಡುವ ವಾಡಿಕೆಯನ್ನು ಇಟ್ಟುಕೊಳ್ಳಬೇಕು. ಪಸೆ ಕಂಡಿತಾದರೆ ಡಯಾಫ್ರಂ ಹರಿದಿದೆ, ಎಂಜಿನ್ ಲೆಕ್ಕಕ್ಕೆ ಸಿಕ್ಕದ ಪೆಟ್ರೋಲನ್ನು ಆ ದಾರಿಯಿಂದ ಕುಡಿಯುತ್ತಿದೆ ಎಂದೇ ಅರ್ಥ. ಬಿಡಿ ಡಯಾಫ್ರಂ ಒದಗಿಸುವ ತಯಾರಕರ ರೆಗ್ಯುಲೇಟರನ್ನು ಮೊದಲೇ ಆರಿಸಿಕೊಂಡಿದ್ದರೆ ಆ ಒಂದು ಅಂಗವನ್ನಷ್ಟೇ ಬದಲಾಯಿಸಿದರಾಯಿತು. ಹೋಸು, ಫಿಟ್ಟಿಂಗು, ಬ್ರಾಕೆಟ್ಟುಗಳು ಇದ್ದಲ್ಲಿಯೇ ಇರುತ್ತವೆ.