ವೀರಗಲ್ಲು ಹೇಳುವ ಸಂಸಾರ: ತಗಡೂರು ಸೀಮೆಯ ಗಡಿಬಾಳಿನ ಒಂದು ವಿಮರ್ಶೆ

ಗಡಿನಾಡಿಗೆ ಬಂದು ಕಾಡು ಕಡಿದು, ಹೊಲ ಮಾಡಿ, ದನ ಕಟ್ಟಿ ನೆಲೆನಿಂತವನ ಬಾಳನ್ನು ಸಾಹಿತ್ಯವು ಬಹುಮಟ್ಟಿಗೆ ಒಬ್ಬ ಗಂಡಸಿನ ಸಾಹಸವೆಂದೇ ವರ್ಣಿಸುತ್ತ ಬಂದಿದೆ. ಆದರೆ ಒಬ್ಬನೇ ಗಂಡಸಿನಿಂದ ಊರು ಹುಟ್ಟುವುದಿಲ್ಲ; ಸಂಸಾರದಿಂದ ಹುಟ್ಟುತ್ತದೆ. ಆ ಸಂಸಾರವು ಬರವಣಿಗೆಯಲ್ಲಿ ಎಷ್ಟರಮಟ್ಟಿಗೆ ಉಳಿದಿದೆ ಎಂಬುದನ್ನು ನಮ್ಮ ಸೇಲಂ–ಧರ್ಮಪುರಿ ಸೀಮೆಯ ವೀರಗಲ್ಲುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಸೀಮೆಯ ವಿಚಾರ. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಜಿಲ್ಲೆಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆಯೂ ಬೇರೆಯಾದುವು. ಈ ವಿಭಾಗಗಳೆಲ್ಲ ಇತ್ತೀಚಿನವು; ನೆಲ ಒಂದೇ. ಮೈಸೂರು ಪ್ರಸ್ಥಭೂಮಿಯು ತಮಿಳು ಬಯಲಿಗೆ ಇಳಿಯುವ ಮೆಟ್ಟಿಲು ಇದು. ಹೊಸೂರು ಎಂಬ ಹೆಸರೇ, ಯಾರೋ ಬಂದು ಹೊಸದಾಗಿ ಊರು ಕಟ್ಟಿದರೆಂಬುದನ್ನು ಕನ್ನಡದಲ್ಲಿ ಸಾರುತ್ತದೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಂ ಕವಿಗಳು ಹಾಡಿದ ಅದಿಯಮಾನನ ಊರು ಅದೇ. ಮುಂದೆ ನೊಳಂಬರು ಕನ್ನಡ ಶಾಸನ ಬರೆಸಿದ ಊರೂ ಅದೇ. ಪಲ್ಲವ, ಗಂಗ, ನೊಳಂಬ, ಚೋಳ, ಹೊಯ್ಸಳರೆಂದು ಒಡೆಯರು ಬದಲಾದರು. ಶಾಸನದ ಲಿಪಿಯೂ ಬದಲಾಯಿತು. ದನಗಳು ಮಾತ್ರ ಅದೇ ಗುಡ್ಡದ ಹುಲ್ಲನ್ನು ಮೇಯುತ್ತಿದ್ದುವು.

ಈ ದನವೇ ಗಡಿಬಾಳಿನ ಐಶ್ವರ್ಯ, ಅದರಿಂದಲೇ ಕಲಹದ ಮೂಲ. ನಮ್ಮ ಹಳಗನ್ನಡ ಶಾಸನಗಳಲ್ಲಿ ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮೂರು ಮಾತುಗಳು ಮತ್ತೆ ಮತ್ತೆ ಬರುತ್ತವೆ. ದನ ಹಿಡಿಯುವುದು, ಊರು ಹಾಳಾಗುವುದು, ಹೆಂಗಸರನ್ನು ಸೆಳೆದೊಯ್ಯುವುದು: ಗಡಿಯ ಸಂಸಾರದ ಭಯವೆಲ್ಲ ಈ ಮೂರು ಮಾತುಗಳಲ್ಲಿ ಅಡಗಿದೆ. ತಮಿಳಿನ ತೊಲ್ಕಾಪ್ಪಿಯವಾದರೋ ಮಡಿದವನಿಗೆ ಕಲ್ಲು ನಿಲ್ಲಿಸುವ ವಿಧಿಯನ್ನು ಆರು ಹಂತಗಳಾಗಿ ಹೇಳುತ್ತದೆ. ಕಲ್ಲನ್ನು ಕಂಡು ಆರಿಸುವುದರಿಂದ ಹಿಡಿದು ನೀರೆರೆದು, ನೆಟ್ಟು, ನೈವೇದ್ಯವಿಟ್ಟು ಹರಸುವವರೆಗೆ ಎಲ್ಲವೂ ಅಲ್ಲಿ ಉಂಟು. ಕಲ್ಲು ಆರಿಸುವವರೂ ನೀರೆರೆಯುವವರೂ ಯಾರು? ಸತ್ತವನ ಮನೆಯವರು, ಊರವರು. ಆದ್ದರಿಂದ ವೀರಗಲ್ಲು ಅರಸನ ಶಾಸನಕ್ಕಿಂತ ಹೆಚ್ಚಾಗಿ ಮನೆಯವರ ಶಾಸನವೆಂಬುದು ನಮ್ಮ ಮೊದಲನೆಯ ಪ್ರತಿಪಾದನೆ.

ಇದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಧರ್ಮಪುರಿಗೆ ಮೂಡಣದ ಚೆಂಗಂ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ 34ನೆಯ ಆಳ್ವಿಕೆಯ ವರ್ಷದ ಕಲ್ಲೊಂದಿದೆ. ತನ್ನ ಎಮ್ಮೆಗಳನ್ನು ಕಾಯುತ್ತ ಮಡಿದ ಕರುಂದೇವಕತ್ತಿಯ ಕಲ್ಲು ಅದು. ಅವನ ಬದಿಯಲ್ಲಿ ಒಂದು ನಾಯಿ; ಅದಕ್ಕೂ ಕೋವಿವನ್ ಎಂಬ ಹೆಸರನ್ನು ಬರೆದು, ಅದು ಇಬ್ಬರು ಕಳ್ಳರನ್ನು ಕಚ್ಚಿ ಕಾವಲಿದ್ದ ಸಂಗತಿಯನ್ನು ತಿಳಿಸಿದ್ದಾರೆ. ಕನ್ನಡದಲ್ಲಿ ಇದಕ್ಕೆ ಜೋಡಿಯೆಂದರೆ ಮಂಡ್ಯ ಜಿಲ್ಲೆಯ ಆತಕೂರಿನ 10ನೆಯ ಶತಮಾನದ ಕಲ್ಲು. ಗಂಗರ ಬೂತುಗನ ಭಟ ಮಣಲೇರನ ನಾಯಿ ಕಾಳಿಯು ಹಂದಿಯೊಡನೆ ಹೋರಾಡಿ ಸತ್ತಿತು. ಕಲ್ಲು ಅದರ ನೆನಪಿಗೆ ನಿಂತಿತು. ಭಾಷೆ ಬೇರೆ, ಲಿಪಿ ಬೇರೆ, ನಡುವೆ ಮುನ್ನೂರು ವರ್ಷಗಳ ಅಂತರ. ಆದರೂ ಮನೆಯ ನಾಯಿಯನ್ನು ಮನೆಯವರಲ್ಲಿ ಒಬ್ಬನಾಗಿ ಎಣಿಸಿದ ಹೃದಯ ಒಂದೇ.

ಈಗ ದೂರದ ಒಂದು ಹೋಲಿಕೆಯನ್ನು ತರುವುದು ಅನುಚಿತವಾಗಲಾರದು. ಗಡಿಗೆ ಹೋಗಿ ನೆಲೆಸಿದವರ ಕಥೆಯನ್ನು ಅಮೆರಿಕದವರಷ್ಟು ಅಭಿಮಾನದಿಂದ ಬರೆದವರು ವಿರಳ. ಅವರಲ್ಲಿ ಅಗ್ರಗಣ್ಯನು ಡೇನಿಯಲ್ ಬೂನ್ (1734–1820). 1756ರಲ್ಲಿ ರೆಬೆಕಾ ಬ್ರಯನ್ ಎಂಬಾಕೆಯನ್ನು ಮದುವೆಯಾಗಿ ಹತ್ತು ಮಕ್ಕಳನ್ನು ಪಡೆದನು. ಕೆಂಟಕಿಗೆ ಹೊರಟ ದಾರಿಯಲ್ಲಿ, 1773ರಲ್ಲಿ, ಹಿರಿಯ ಮಗ ಜೇಮ್ಸ್‌ನನ್ನೂ, 1782ರ ಕಾಳಗದಲ್ಲಿ ಮತ್ತೊಬ್ಬ ಮಗ ಇಸ್ರೇಲ್‌ನನ್ನೂ ಕಳೆದುಕೊಂಡನು. 1776ರಲ್ಲಿ ಮಗಳು ಜೆಮೈಮಾಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಅಲ್ಲಿನ ಮೂಲನಿವಾಸಿಗಳು ಹಿಡಿದೊಯ್ದರು. ನಮ್ಮ ಶಾಸನಗಳ ಮಾತಿನಲ್ಲಿ ಇದು ಪೆಣ್ಬುಯ್ಯಲೇ. ಹುಡುಗಿಯರು ದಾರಿಯುದ್ದಕ್ಕೂ ಕೊಂಬೆ ಮುರಿದು ಗುರುತು ಬಿಡುತ್ತ ಹೋದರೆಂದೂ, ಆ ಜಾಡು ಹಿಡಿದವರು ಮೂರನೆಯ ದಿನ ಬಿಡಿಸಿ ತಂದರೆಂದೂ ಪ್ರಸಿದ್ಧಿಯಿದೆ.

1784ರಲ್ಲಿ ಜಾನ್ ಫಿಲ್ಸನ್ ಎಂಬವನು ತನ್ನ ಕೆಂಟಕಿ ಗ್ರಂಥಕ್ಕೆ ಬೂನನ ಆತ್ಮಕಥನವನ್ನು ಅನುಬಂಧವಾಗಿ ಬರೆದು ಸೇರಿಸಿದನು. ಅದರಿಂದ ಬೂನನ ಕೀರ್ತಿ ಯೂರೋಪಿಗೂ ಹಬ್ಬಿತು. ಕವಿ ಬೈರನ್ನನೂ ಅವನನ್ನು ಹೊಗಳಿದನು. ಆದರೆ ಆ ಗ್ರಂಥದಲ್ಲಿ ಮಗಳ ಸೆರೆಯೂ ಬಿಡುಗಡೆಯೂ ಕೆಲವೇ ಸಾಲುಗಳಲ್ಲಿ ಮುಗಿದುಹೋಗಿವೆ. ಮಗಳ ಹೆಸರಿಲ್ಲ, ಮುರಿದ ಕೊಂಬೆಗಳ ಮಾತಿಲ್ಲ. 1778ರಲ್ಲಿ ಬೂನನೇ ಶಾನೀ ಜನರ ಸೆರೆಯಲ್ಲಿದ್ದಾಗ, ಅವನು ಸತ್ತನೆಂದೇ ತಿಳಿದ ರೆಬೆಕಾ ಮಕ್ಕಳನ್ನೂ ಸಾಮಾನುಗಳನ್ನೂ ಕುದುರೆಗಳ ಮೇಲೆ ಹೇರಿ ಕಾಡು ದಾಟಿ ತವರಿಗೆ ಹಿಂದಿರುಗಿದಳು. ಇದಕ್ಕಿಂತ ದೊಡ್ಡ ಸಾಹಸವುಂಟೆ? ಫಿಲ್ಸನ್ನನಿಗೆ ಅದಕ್ಕೆ ಒಂದು ವಾಕ್ಯ ಸಾಕಾಯಿತು.

ಇವೆರಡನ್ನೂ ತೂಗಿ ನೋಡೋಣ. ಫಿಲ್ಸನ್ನನ ಶೈಲಿ ಅಲಂಕಾರಮಯ. ಕಾಡಿನ ಬೇಟೆಗಾರನ ಬಾಯಲ್ಲಿ ಪಂಡಿತನ ಮಾತನ್ನು ಇಟ್ಟಿದ್ದಾನೆ. ನಮ್ಮ ಕಲ್ಲಿನ ಬರಹದಲ್ಲಿ ಅಲಂಕಾರವಿಲ್ಲ. ಯಾರ ಆಳು, ಯಾರಿಗೆ ನಂಟ, ಏತಕ್ಕಾಗಿ ಸತ್ತ ಎಂಬಿಷ್ಟನ್ನೇ ಹೇಳಿ ಮುಗಿಸುತ್ತದೆ. ಕಲ್ಲು ಕೊರೆಯುವವನಿಗೆ ಪ್ರತಿ ಅಕ್ಷರವೂ ಶ್ರಮ. ಅಂತಹ ಬಿಗಿಯಾದ ಬರಹದಲ್ಲಿಯೂ ನಂಟಿನ ಮಾತಿಗೂ ನಾಯಿಯ ಹೆಸರಿಗೂ ಎಡೆ ದೊರೆಯಿತೆಂದರೆ, ಆ ಜನ ಯಾವುದನ್ನು ಬಾಳೆಂದು ಬಗೆದಿದ್ದರೆಂಬುದು ಸ್ಪಷ್ಟವಾಗುತ್ತದೆ. ಈ ಅಂಶದಲ್ಲಿ ಕಲ್ಲಿಗೇ ಹೆಚ್ಚಿನ ಅಂಕ ಕೊಡಬೇಕು.

ಆದರೆ ಅಭಿಮಾನದಿಂದ ದೋಷವನ್ನು ಮುಚ್ಚುವುದು ವಿಮರ್ಶೆಯಲ್ಲ. ನಾಯಿಗೆ ಹೆಸರು ದೊರೆತ ಕಲ್ಲಿನಲ್ಲಿ ಹೆಂಡತಿಗೆ ಹೆಸರಿಲ್ಲ. ಅವಳಿಗಾಗಿ ಬೇರೆಯೇ ಒಂದು ಕಲ್ಲಿದೆ: ಮಾಸ್ತಿಕಲ್ಲು. ಬಳೆ ತೊಟ್ಟ ಕೈಯೊಂದು ಕಂಬದಿಂದ ಮೇಲೆದ್ದಿರುವ ಆ ಕಲ್ಲುಗಳನ್ನು ನಮ್ಮ ಸೀಮೆಯಲ್ಲಿ ಕಾಣದವರಿಲ್ಲ. ಗಂಡನೊಡನೆ ಸತ್ತವಳಿಗೆ ಕಲ್ಲು ನೆಟ್ಟರು. ಸಾಯದೆ ಉಳಿದು, ದನ ಹೋದ ಕೊಟ್ಟಿಗೆಯನ್ನು ಮತ್ತೆ ತುಂಬಿಸಿ, ತಂದೆಯಿಲ್ಲದ ಮಕ್ಕಳನ್ನು ಸಾಕಿದವಳಿಗೆ ಯಾವ ಕಲ್ಲೂ ಇಲ್ಲ. ಇಂದಿನ ನಮ್ಮ ಊರುಗಳು ಯಾರ ಬಲದಿಂದ ಉಳಿದು ಬಂದುವೋ ಆಕೆಯೇ ದಾಖಲೆಯಲ್ಲಿ ಇಲ್ಲ. ರೆಬೆಕಾಳ ಒಂದು ವಾಕ್ಯವೂ ಆಕೆಗೆ ದೊರೆಯಲಿಲ್ಲ.

ಎದುರಾಳಿಯ ವಿಚಾರವೂ ಹೀಗೆಯೇ. ಕಲ್ಲಿನಲ್ಲಿ ಅವನು ಬರಿಯ ಕಳ್ಳ. ಅವನ ಮನೆಯ ಕಥೆ ನಮಗೆ ತಿಳಿಯದು. ಶಾನೀ ಜನರ ಬೇಟೆಯ ನೆಲದಲ್ಲಿಯೇ ಬೂನನ ಕೋಟೆ ಎದ್ದಿತೆಂಬುದನ್ನು ಅಮೆರಿಕದ ವಿಮರ್ಶಕರು ಇಂದು ಎತ್ತಿ ಹೇಳುತ್ತಾರೆ. ನಾವೂ ಆ ಪ್ರಶ್ನೆಯನ್ನು ಕೇಳಿಕೊಳ್ಳಬೇಕು.

ಸಂಸಾರವೆಂದರೆ ಸಾವು ಮಾತ್ರವಲ್ಲ, ಬೇರೂರುವುದೂ ಹೌದು. ನೊಳಂಬ ಮಹೇಂದ್ರನ ಕಾಲದ, 893ರ ತಗಡೂರಿನ ಕನ್ನಡ ಶಾಸನವು ನಿಧಿಯಣ್ಣ, ಚಂದಿಯಣ್ಣ ಎಂಬ ವರ್ತಕ ಸೋದರರು ಅಲ್ಲಿ ಬಸದಿ ಕಟ್ಟಿಸಿದುದನ್ನು ಹೇಳುತ್ತದೆ. ಅದರ ನಿರ್ವಾಹಕ್ಕೆ ಮೂಲಪಳ್ಳಿ ಎಂಬ ಗ್ರಾಮ ದತ್ತಿಯಾಯಿತು. ವೀರಗಲ್ಲಿನ ಪಕ್ಕದಲ್ಲಿ ಇದನ್ನಿಟ್ಟು ಓದಿದಾಗಲೇ ಗಡಿಬಾಳಿನ ಚಿತ್ರ ಪೂರ್ಣವಾಗುತ್ತದೆ: ಒಬ್ಬನು ದನಕ್ಕಾಗಿ ಸತ್ತ ನೆಲದಲ್ಲಿ ಮತ್ತಿಬ್ಬರು ಅಣ್ಣತಮ್ಮಂದಿರು ಗುಡಿ ಕಟ್ಟಿ ನೆಲೆನಿಂತರು.

ತಮಿಳುನಾಡು ಪುರಾತತ್ತ್ವ ಇಲಾಖೆಯು 1970ರ ದಶಕದಲ್ಲಿ ಚೆಂಗಂ, ಧರ್ಮಪುರಿಗಳ ನಡುಕಲ್ಲುಗಳ ಬರಹಗಳನ್ನು ಪ್ರಕಟಿಸಿತು. ಕನ್ನಡದಲ್ಲಿ ಆರ್. ಶೇಷಶಾಸ್ತ್ರಿಗಳ 'ಕರ್ನಾಟಕದ ವೀರಗಲ್ಲುಗಳು' 1982ರಲ್ಲಿ ಬಂದಿತು. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಬಲ್ಲವರು ಯಾರು? ಎರಡು ಭಾಷೆಯನ್ನೂ ಬೀದಿಯಲ್ಲಿಯೇ ಕಲಿತ ಗಡಿನಾಡಿನ ಮಕ್ಕಳು, ಅವರ ಶಿಕ್ಷಕರು. ಹಳ್ಳಿಯವರು ಇಂದಿಗೂ ಕೆಲವು ಕಲ್ಲುಗಳನ್ನು ವೇಡಿಯಪ್ಪನೆಂದು ಪೂಜಿಸುತ್ತಾರೆ, ಅವು ಉಳಿದಾವು. ಪೂಜೆಯಿಲ್ಲದ ಕಲ್ಲುಗಳು ಬದುವಿಗೂ ಮೋರಿಗೂ ಸೇರಿಹೋಗುವ ಭಯವಿದೆ. ಮೇಲಿನ ತರಗತಿಯ ಮಕ್ಕಳು ತಮ್ಮ ಊರಿನ ಒಂದೊಂದು ಕಲ್ಲಿನ ಚಿತ್ರ ಬರೆದು, ಅದರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬೆರಡು ಪಟ್ಟಿ ಮಾಡಿದರೆ ಅದೇ ಒಂದು ಸಂಶೋಧನೆ. ಎರಡನೆಯ ಪಟ್ಟಿಯೇ ಹೆಚ್ಚು ಉದ್ದವಾದೀತು. ಅದನ್ನು ತುಂಬುವುದೇ ನಮ್ಮ ಮುಂದಿನ ಕೆಲಸ.