ಅಟ್ಟದ ಫೋಟೋದಿಂದ ಇಳಿದು ಬಂದ ಅಪ್ಪ

ಹನ್ನೆರಡು ವರ್ಷಗಳ ನಂತರ ಅಪ್ಪ ಮನೆಗೆ ಬಂದಿದ್ದಾನೆ. ಬೀದಿಯಲ್ಲಿ ಜಗಳವಾಡಿ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡಿ ಬಂದ ಇಬ್ಬರು ಹುಡುಗರಿಗೆ ತಾಯಿ ಹೇಳುವುದು ಇಷ್ಟೇ: ಗದ್ದಲ ಮಾಡಬೇಡಿ, ಅಪ್ಪ ಮಲಗಿದ್ದಾರೆ. ಹುಡುಗರು ಬಾಗಿಲಲ್ಲಿ ನಿಂತು ಮಂಚದ ಮೇಲಿನ ಆ ಗಂಡಸನ್ನು ನೋಡುತ್ತಾರೆ. ಆಮೇಲೆ ಅಟ್ಟಕ್ಕೆ ಓಡಿ, ಸಚಿತ್ರ ಪುಸ್ತಕವೊಂದರ ಪುಟಗಳ ನಡುವೆ ಇಟ್ಟಿದ್ದ ಹಳೆಯ ಫೋಟೋವನ್ನು ಹುಡುಕಿ ತೆಗೆಯುತ್ತಾರೆ. ಹೌದು, ಅವನೇ.

ರಷ್ಯದ ನಿರ್ದೇಶಕ ಆಂದ್ರೇಯ್ ಜ್ವ್ಯಾಗಿಂತ್ಸೆವ್ ಅವರ ಮೊದಲ ಚಲನಚಿತ್ರ 'ದಿ ರಿಟರ್ನ್'. 2003ರಲ್ಲಿ ವೆನಿಸ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಗೋಲ್ಡನ್ ಲಯನ್ ಇದಕ್ಕೆ ಸಂದಿತು. ಪ್ರಶಸ್ತಿಯ ಚಿತ್ರವೆಂದರೆ ಅರ್ಥವಾಗದ ಚಿತ್ರವೆಂದು ಹೆದರುವವರೂ ಇದನ್ನು ಧೈರ್ಯವಾಗಿ ನೋಡಬಹುದು. ಒಬ್ಬ ತಂದೆ, ಇಬ್ಬರು ಮಕ್ಕಳು, ಒಂದು ಕಾರು, ಒಂದು ವಾರ, ಕಥೆ ಇಷ್ಟೇ.

ಕರಾವಳಿಯ ಓದುಗರಿಗೆ ಆ ಫೋಟೋದ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಲ್ಫ್‌ನಿಂದ ರಜೆಯಲ್ಲಿ ಬಂದ ಅಬ್ಬನನ್ನು ಕಂಡು ಉಮ್ಮನ ಬೆನ್ನ ಹಿಂದೆ ಅಡಗಿದ ಮಕ್ಕಳು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ಆದರೆ ಆ ಅಬ್ಬನ ದುಡಿಮೆ ಮನೆಗೆ ಬರುತ್ತಿತ್ತು, ಪತ್ರ ಬರುತ್ತಿತ್ತು, ಫೋನಿನಲ್ಲಿ ದನಿ ಕೇಳುತ್ತಿತ್ತು. ಈ ಚಿತ್ರದ ಅಪ್ಪ ಎಲ್ಲಿದ್ದ, ಏಕೆ ಹೋದ, ಈಗ ಏಕೆ ಬಂದ ಎಂಬುದನ್ನು ನಿರ್ದೇಶಕರು ಕೊನೆಯವರೆಗೂ ಹೇಳುವುದಿಲ್ಲ. ಮಕ್ಕಳಿಗೆ ತಿಳಿಯದ್ದು ನಮಗೂ ತಿಳಿಯಬಾರದು ಎಂಬುದು ಅವರ ಹಟ. ಆ ಹಟ ನಮಗೆ ಸರಿಯೆನಿಸಿತು.

ಮರುದಿನವೇ ಅವನು ಮಕ್ಕಳನ್ನು ಕಾರಿನಲ್ಲಿ ಕರೆದುಕೊಂಡು ಹೊರಡುತ್ತಾನೆ. ದೊಡ್ಡವನು ಆಂದ್ರೇಯ್ ಅಪ್ಪ ಸಿಕ್ಕಿದ ಸಂಭ್ರಮದಲ್ಲಿದ್ದಾನೆ. ಹೇಳಿದ್ದನ್ನೆಲ್ಲ ಮಾಡುತ್ತಾನೆ, ಬೈಸಿಕೊಳ್ಳುತ್ತಾನೆ, ಹೊಡೆತ ತಿನ್ನುತ್ತಾನೆ. ಚಿಕ್ಕವನು ಇವಾನ್ ಒಲ್ಲೆನೆನ್ನುವ ಹುಡುಗ. ಅವನ ಬಾಯಿಂದ 'ಅಪ್ಪ' ಎಂಬ ಮಾತು ಸುಲಭವಾಗಿ ಹೊರಡುವುದಿಲ್ಲ. ಹಾಗೆ ಕರೆಯಬೇಕೆಂದು ತಂದೆಯೇ ಆಜ್ಞೆ ಮಾಡಬೇಕಾಗುತ್ತದೆ. ದಾರಿಯಲ್ಲಿ ಮೀನು ಹಿಡಿಯುವ ಆಸೆ ಕೆಟ್ಟಿತೆಂದು ಇವಾನ್ ಗೊಣಗುತ್ತಲೇ ಇದ್ದಾಗ, ತಂದೆ ಕಾರು ನಿಲ್ಲಿಸಿ ಅವನನ್ನು ಇಳಿಸಿ ಹೊರಟೇ ಹೋಗುತ್ತಾನೆ. ನಡುದಾರಿ, ಸೇತುವೆ, ಹುಡುಗ ಒಬ್ಬನೇ. ಮಳೆ ಸುರಿಯತೊಡಗುತ್ತದೆ. ಬಹಳ ಹೊತ್ತಿನ ಮೇಲೆ ಕಾರು ತಿರುಗಿ ಬಂದಾಗ ತೊಯ್ದು ತೊಪ್ಪೆಯಾದ ಹುಡುಗ ಅಳುತ್ತಾ ಕೇಳುತ್ತಾನೆ: ನೀನೇಕೆ ಬಂದೆ, ನೀನಿಲ್ಲದೆಯೂ ನಾವು ಚೆನ್ನಾಗಿಯೇ ಇದ್ದೆವಲ್ಲ. ಇವಾನ್ ಪಾತ್ರದ ಬಾಲಕ ಇವಾನ್ ದೊಬ್ರೋನ್ರಾವೋವ್ ಇಲ್ಲಿ ನಟಿಸುತ್ತಿದ್ದಾನೆಂದು ನಮಗೆ ಅನಿಸಲೇ ಇಲ್ಲ.

ಹಲವು ವಿಮರ್ಶಕರು ಈ ತಂದೆಯಲ್ಲಿ ಕ್ರಿಸ್ತನನ್ನು ಕಂಡಿದ್ದಾರೆ. ಸೋವಿಯತ್ ಕುಸಿತದ ನಂತರ ದಿಕ್ಕು ತಪ್ಪಿದ ರಷ್ಯವನ್ನು ಕಂಡವರೂ ಇದ್ದಾರೆ. ಸುಳಿವುಗಳನ್ನು ನಿರ್ದೇಶಕರೇ ಇಟ್ಟಿದ್ದಾರೆ, ನಿಜ. ಮಲಗಿದ ತಂದೆಯ ಭಂಗಿ ಇಟಲಿಯ ಕಲಾವಿದ ಮಾಂತೆನ್ಯ ಬರೆದ ಮೃತ ಕ್ರಿಸ್ತನ ಚಿತ್ರವನ್ನು ನೆನಪಿಸುತ್ತದೆ. ಆದರೆ ಈ ಬಗೆಯ ಓದಿನಲ್ಲಿ ನಮಗೊಂದು ತಕರಾರಿದೆ. ತಂದೆಯನ್ನು ಸಂಕೇತವಾಗಿಸಿದೊಡನೆ ಅವನು ಮಗನ ಕೆನ್ನೆಗೆ ಕೊಟ್ಟ ಏಟು ಕೂಡ ಸಂಕೇತವಾಗಿಬಿಡುತ್ತದೆ. ಆಂದ್ರೇಯ್‌ನ ಮೂಗಿನಿಂದ ಸುರಿಯುವುದು ಮಾತ್ರ ರಕ್ತವೇ.

ಅಟ್ಟದಲ್ಲಿ ಫೋಟೋ ಸಿಗುವ ಪುಟದಲ್ಲಿ ಪ್ರವಾದಿ ಇಬ್ರಾಹೀಮರು ಮಗನನ್ನು ಬಲಿ ಕೊಡಲು ಸಿದ್ಧರಾದ ಪ್ರಸಂಗದ ಚಿತ್ರವಿದೆ. ಬೈಬಲಿನಲ್ಲಿ ಆ ಮಗ ಇಸ್ಹಾಕ್. ಮುಸ್ಲಿಮರಲ್ಲಿ ಬಹುಪಾಲು ಜನರ ನಂಬಿಕೆಯಂತೆ ಇಸ್ಮಾಈಲ್. ಕುರ್‌ಆನ್‌ನಲ್ಲಿ ಈ ಪ್ರಸಂಗ ಬರುವಾಗ ತಂದೆ ತಾನು ಕಂಡ ಕನಸನ್ನು ಮಗನ ಮುಂದಿಟ್ಟು, ನಿನಗೇನನಿಸುತ್ತದೆ ಎಂದು ಕೇಳುತ್ತಾರೆ. ದೇವಾಜ್ಞೆ ಹೊತ್ತ ತಂದೆಯೂ ಮಗನನ್ನು ಕೇಳುತ್ತಾರೆ! ಈ ಚಿತ್ರದ ಅಪ್ಪ ಹಾಗೆ ಕೇಳುವವನಲ್ಲ. ಹನ್ನೆರಡು ವರ್ಷದ ತಂದೆತನವನ್ನು ಬಾಕಿ ವಸೂಲಿ ಮಾಡುವವನಂತೆ ಒಂದೇ ವಾರದಲ್ಲಿ ಕಲಿಸಿ ಮುಗಿಸಲು ಹೊರಟಿದ್ದಾನೆ. ಕಲಿಸುತ್ತಾನೆ ಕೂಡ. ಕೆಸರಿನಲ್ಲಿ ಹೂತ ಕಾರನ್ನು ಎತ್ತುವುದು, ದೋಣಿಗೆ ಹುಟ್ಟು ಹಾಕುವುದು. ಈ ವಿದ್ಯೆಗಳೆಲ್ಲ ಆಮೇಲೆ ಯಾವ ಕೆಲಸಕ್ಕೆ ಬರುತ್ತವೆಂದು ನೋಡಿದವರಿಗೆ ಗಂಟಲು ಕಟ್ಟುತ್ತದೆ.

ಚಿತ್ರದ ಒಂದು ಕೊರತೆಯನ್ನೂ ಹೇಳಬೇಕು. ಹನ್ನೆರಡು ವರ್ಷ ಈ ಮಕ್ಕಳನ್ನು ಸಾಕಿದ ತಾಯಿ ಪ್ರಯಾಣ ಶುರುವಾದೊಡನೆ ಕಥೆಯಿಂದ ಮರೆಯಾಗುತ್ತಾಳೆ. ಬಂದವನನ್ನು ಅವಳು ಹೇಗೆ ಒಳಗೆ ಬಿಟ್ಟುಕೊಂಡಳು, ಮಕ್ಕಳನ್ನು ಯಾವ ನಂಬಿಕೆಯಿಂದ ಕಳಿಸಿದಳು? ತಂದೆಯ ಮೌನ ನಿಗೂಢವಾಗಿ ಬೆಳೆದಿದೆ. ತಾಯಿಯ ಮೌನ ಬರಿದೇ ಉಳಿದಿದೆ.

ದ್ವೀಪದಲ್ಲಿ ತಂದೆ ನೆಲ ಅಗೆದು ಒಂದು ಪೆಟ್ಟಿಗೆಯನ್ನು ಹೊರತೆಗೆಯುತ್ತಾನೆ. ಅದರೊಳಗೆ ಏನಿತ್ತೆಂದು ಕೊನೆಗೂ ಯಾರಿಗೂ ತಿಳಿಯುವುದಿಲ್ಲ. ಮೀನು ಹಿಡಿಯಲು ಹೋದ ಹುಡುಗರು ಹೇಳಿದ ಹೊತ್ತಿಗೆ ಬರಲಿಲ್ಲವೆಂದು ತಂದೆ ಆಂದ್ರೇಯ್‌ನ ಮೇಲೆ ಕೈ ಮಾಡಿದಾಗ, ಇವಾನ್ ಅಲ್ಲಿನ ಎತ್ತರದ ಗೋಪುರಕ್ಕೆ ಓಡುತ್ತಾನೆ. ಚಿತ್ರದ ಆರಂಭದಲ್ಲಿ ಎತ್ತರದಿಂದ ನೀರಿಗೆ ಹಾರಲಾರದೆ ನಡುಗುತ್ತಾ ಕುಳಿತಿದ್ದ ಹುಡುಗ ಇವನೇ. ಅಂದು ಅವನನ್ನು ಇಳಿಸಲು ತಾಯಿ ಹತ್ತಿ ಬಂದಿದ್ದಳು, ಇಂದು ಅಪ್ಪ ಹತ್ತುತ್ತಾನೆ. ಆಜ್ಞೆಯ ದನಿ ಹೋಗಿ ಬೇಡುವ ದನಿ ಬಂದಿದೆ. ಹಲಗೆಯೊಂದು ಮುರಿಯುತ್ತದೆ.

ಹೆಣವನ್ನು ಹುಡುಗರಿಬ್ಬರೇ ದೋಣಿಯವರೆಗೆ ಎಳೆಯಬೇಕು. ಆಂದ್ರೇಯ್ ಈಗ ಅಪ್ಪನಂತೆಯೇ ಮಾತಾಡುತ್ತಾನೆ, ಅಪ್ಪನಂತೆಯೇ ಕೆಲಸ ಹೇಳುತ್ತಾನೆ. ಈ ಪಾತ್ರ ಮಾಡಿದ ವ್ಲಾದಿಮಿರ್ ಗಾರಿನ್, ಚಿತ್ರ ವೆನಿಸ್ ತಲುಪುವ ಮುನ್ನವೇ 2003ರಲ್ಲಿ ಕೆರೆಯೊಂದರಲ್ಲಿ ಮುಳುಗಿ ತೀರಿಕೊಂಡ. ಇದನ್ನು ತಿಳಿದ ಮೇಲೆ ಚಿತ್ರದ ನೀರನ್ನು ಮೊದಲಿನಂತೆ ನೋಡಲು ನಮಗಾಗಲಿಲ್ಲ.

ದಡ ಸೇರಿದ ಮೇಲೆ ದೋಣಿ ನೀರು ತುಂಬಿಕೊಂಡು, ಹೆಣದ ಸಮೇತ ನಿಧಾನವಾಗಿ ಮುಳುಗತೊಡಗುತ್ತದೆ. ಇವಾನ್ ನೀರಿಗೆ ಓಡುತ್ತಾ, ಯಾರ ಬಲವಂತವೂ ಇಲ್ಲದೆ, ಅಪ್ಪಾ ಅಪ್ಪಾ ಎಂದು ಕೂಗುತ್ತಾನೆ. ಕಾರಿನಲ್ಲಿ, ಚಾಲಕನ ತಲೆಯ ಮೇಲಿನ ಬಿಸಿಲುಮರೆಯಲ್ಲಿ ಸಿಕ್ಕಿಸಿಟ್ಟ ಒಂದು ಹಳೆಯ ಫೋಟೋ ಅವರಿಗೆ ಸಿಗುತ್ತದೆ. ಅದರಲ್ಲಿರುವವರು ಈ ಮಕ್ಕಳೇ, ಚಿಕ್ಕವರಿದ್ದಾಗಿನದು.